ರಕ್ತದ ಕ್ಯಾನ್ಸರ್: ಊರಲ್ಲಿರುವವರು ರೋಗಿಗೆ ಮಾಡಬಹುದಾದ ಕೆಲಸ

ಪ್ರಶ್ನೆ: ನಾನು ಹಿರೇಕೆರೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಶಿಕ್ಷಕ. ಅಕ್ಕನ ಮಗನಿಗೆ ಚಿಕ್ಕ ವಯಸ್ಸಿನಲ್ಲಿ ಎಎಲ್‌ಎಲ್ ಎಂಬ ರಕ್ತದ ಕ್ಯಾನ್ಸರ್ ಆಗಿತ್ತು. ಬೆಂಗಳೂರಿಗೆ ಓಡಾಡಿ ಚಿಕಿತ್ಸೆ ಮುಗಿಸಿದೆವು, ಹುಡುಗ ಈಗ ಆರೋಗ್ಯವಾಗಿದ್ದಾನೆ. ಅಲ್ಲಿಂದ ಈಚೆಗೆ ಸುತ್ತಮುತ್ತ ಯಾರಿಗೆ ಈ ಕಾಯಿಲೆ ಎಂದರೂ ಫೋನ್ ನನಗೇ ಬರುತ್ತದೆ. ಕೆಲವು ಗೆಳೆಯರು ಸೇರಿ ಈ ಕೆಲಸವನ್ನು ಸರಿಯಾಗಿ ಮಾಡಬೇಕೆಂದುಕೊಂಡಿದ್ದೇವೆ. ಟ್ರಸ್ಟ್ ಮಾಡಿ ಹಣ ಕೂಡಿಸುವುದರಿಂದ ಶುರು ಮಾಡೋಣವೇ? ವೈದ್ಯರಲ್ಲದ ನಾವು ಏನು ಹೇಳಬಹುದು, ಏನು ಹೇಳಬಾರದು? ಪಕ್ಕದ ಊರಿನ ಒಬ್ಬರು ಸಿಎಂಎಲ್ ಎಂಬ ಇನ್ನೊಂದು ಬಗೆಯ ರಕ್ತದ ಕ್ಯಾನ್ಸರಿನ ಮಾತ್ರೆಯನ್ನು ‘ಈಗ ಆರಾಮ ಅದೀನಿ’ ಎಂದು ಬಿಟ್ಟಿದ್ದಾರೆ. ಅವರಿಗೆ ಹೇಗೆ ತಿಳಿಹೇಳಲಿ?

ಉತ್ತರ: ಮೇಷ್ಟ್ರೇ, ಸದ್ಯಕ್ಕೆ ಟ್ರಸ್ಟೂ ಬೇಡ, ಹಣವೂ ಬೇಡ. ರಕ್ತರೋಗ ವಾರ್ಡಿನಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ ಬಹಳ ಕಾಲ ಕೆಲಸ ಮಾಡಿದವಳು ನಾನು. ಔಷಧಿ ಹಿಡಿಯದೆ ತೀರಿಕೊಂಡವರನ್ನು ನೋಡಿದ್ದೇನೆ. ಔಷಧಿ ಚೆನ್ನಾಗಿಯೇ ಹಿಡಿಯುತ್ತಿದ್ದಾಗ ಆಸ್ಪತ್ರೆಗೆ ಬರುವುದನ್ನು ನಿಲ್ಲಿಸಿ, ಆರು ತಿಂಗಳ ಮೇಲೆ ಕೈಮೀರಿದ ಸ್ಥಿತಿಯಲ್ಲಿ ಬಂದವರನ್ನೂ ನೋಡಿದ್ದೇನೆ. ಈ ಎರಡನೆಯವರ ವಿಷಯದಲ್ಲಿ ವೈದ್ಯರ ಕೈ ಕಟ್ಟಿರುತ್ತದೆ. ವೈದ್ಯರು ಇರುವುದು ಬೆಂಗಳೂರಲ್ಲಿ, ರೋಗಿ ಇರುವುದು ಹಿರೇಕೆರೂರಲ್ಲಿ. ಅಲ್ಲೇ ಇರುವವರು ನೀವು. ಆದ್ದರಿಂದ ನಿಮ್ಮ ಗುಂಪಿಗೆ ಒಂದೇ ಕೆಲಸ ಇಟ್ಟುಕೊಳ್ಳಿ: ಶುರುವಾದ ಚಿಕಿತ್ಸೆ ನಡುವೆ ನಿಲ್ಲಬಾರದು. ಹಣ, ರಕ್ತ, ಊಟ, ವಸತಿ ಎಲ್ಲವೂ ಅದಕ್ಕಾಗಿ.

ಚಿಕಿತ್ಸೆ ನಿಲ್ಲುವ ಜಾಗಗಳು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ರೋಗ ಗೊತ್ತಾದ ಮೊದಲ ವಾರ ಒಂದು. ಮೊದಲ ಸುತ್ತು ಮುಗಿಸಿ ಮನೆಗೆ ಬಂದಾಗ ಕಾಣಿಸಿಕೊಳ್ಳುವ ಜ್ವರ ಇನ್ನೊಂದು. ಮೂರನೆಯದು, ಎಲ್ಲಕ್ಕಿಂತ ಮೋಸದ್ದು: ರೋಗಿ ಚೆನ್ನಾಗಿ ಕಾಣತೊಡಗಿದ ಮೇಲಿನ ಉದ್ದನೆಯ ತಿಂಗಳುಗಳು.

ಮೊದಲ ಫೋನಿನಿಂದ ಹೊರಡೋಣ. ‘ಬ್ಲಡ್ ಕ್ಯಾನ್ಸರ್ ಅಂದ್ರು ಸರ್’ ಎಂದಷ್ಟೇ ಹೇಳುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ರಿಪೋರ್ಟಿನಲ್ಲಿ ಯಾವ ಹೆಸರು ಬರೆದಿದೆ ನೋಡಿ ಹೇಳಿ ಎನ್ನಿ. ಎಎಲ್‌ಎಲ್, ಎಎಂಎಲ್ ಇವು ತೀವ್ರ ಬಗೆಯ ಲ್ಯುಕೇಮಿಯಾಗಳು, ಅಂದರೆ ಬಿಳಿರಕ್ತಕಣದ ಕ್ಯಾನ್ಸರುಗಳು, ದಿನಗಳ ಲೆಕ್ಕದಲ್ಲಿ ಏರುತ್ತವೆ. ಸಿಎಂಎಲ್, ಸಿಎಲ್‌ಎಲ್ ನಿಧಾನದವು. ಲಿಂಫೋಮಾ ಬಹುತೇಕ ಕುತ್ತಿಗೆ, ಕಂಕುಳ, ತೊಡೆಸಂದಿನ ಗಂಟುಗಳಾಗಿ ಕಾಣಿಸಿಕೊಳ್ಳುತ್ತದೆ. ಮೈಲೋಮ ಎಂಬ ಮೂಳೆಮಜ್ಜೆಯ ಕ್ಯಾನ್ಸರ್ ಹೆಚ್ಚಾಗಿ ವಯಸ್ಸಾದವರದು. ಬೆನ್ನುನೋವು ಎಂದು ಮೂಳೆ ವೈದ್ಯರ ಬಳಿ ತಿಂಗಳುಗಟ್ಟಲೆ ಓಡಾಡಿ, ಮೂಳೆ ಮುರಿದ ಮೇಲೋ ಕಿಡ್ನಿ ಕೈಕೊಟ್ಟ ಮೇಲೋ ಗೊತ್ತಾಗುವುದುಂಟು. ಅದು ಕ್ಯಾಲ್ಸಿಯಂ ಕಡಿಮೆಯಾದ ಬೆನ್ನುನೋವಲ್ಲ ಎಂದು ಮೊದಲೇ ಅನುಮಾನಿಸುವವರು ಬೇಕು.

ಆಮೇಲೆ ನಿಮಗೆ ಬರುವ ಪ್ರಶ್ನೆ ‘ಎಷ್ಟನೇ ಸ್ಟೇಜ್?’ ತೀವ್ರ ಲ್ಯುಕೇಮಿಯಾದಲ್ಲಿ ಗಡ್ಡೆಯ ಕ್ಯಾನ್ಸರಿಗೆ ಇರುವಂಥ ಒಂದು, ಎರಡು, ಮೂರು, ನಾಲ್ಕು ಇಲ್ಲ. ರಕ್ತ ಮೈಯೆಲ್ಲಾ ಹರಿಯುವುದರಿಂದ ರೋಗವೂ ಮೊದಲ ದಿನದಿಂದಲೇ ಎಲ್ಲೆಡೆ ಇರುತ್ತದೆ. ವೈದ್ಯರು ನೋಡುವುದು ವಯಸ್ಸು, ಬಿಳಿರಕ್ತಕಣದ ಸಂಖ್ಯೆ, ಜೀನ್ ಪರೀಕ್ಷೆಯ ಫಲ, ಮೊದಲ ತಿಂಗಳ ಔಷಧಿಗೆ ದೇಹ ಹೇಗೆ ಸ್ಪಂದಿಸಿತು ಎಂಬುದನ್ನು. ಇದನ್ನು ನೀವು ಬಿಡಿಸಿ ಹೇಳಿದರೆ ‘ಡಾಕ್ಟರು ಸ್ಟೇಜ್ ಮುಚ್ಚಿಡ್ತಿದಾರೆ, ಅಂದ್ರೆ ಕೊನೇದೇ ಇರಬೇಕು’ ಎಂದುಕೊಂಡು ವಾಪಸ್ ಹೊರಡುವ ಕುಟುಂಬವೊಂದು ಉಳಿದುಕೊಳ್ಳುತ್ತದೆ.

ತೀವ್ರ ಬಗೆಯದು ಎಂದಾದರೆ ಆ ರಾತ್ರಿಯ ಬಸ್ಸಿಗೇ ಹತ್ತಿಸಿ. ಅಮಾವಾಸ್ಯೆ ಕಳೆಯಲಿ, ಹತ್ತಿ ಬಿಡಿಸುವುದು ಮುಗಿಯಲಿ, ಊರ ಜಾತ್ರೆ ಆಗಲಿ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಎಎಂಎಲ್‌ನಲ್ಲೇ ಎಪಿಎಲ್ ಎಂಬ ಒಂದು ಬಗೆ ಇದೆ. ಒಸಡಿನಿಂದ ರಕ್ತ, ಮೈಮೇಲೆ ನೀಲಿ ಕಲೆ, ಮಿದುಳಲ್ಲಿ ರಕ್ತಸ್ರಾವ, ಹೀಗೆ ಮೊದಲ ದಿನಗಳಲ್ಲೇ ಜೀವ ತೆಗೆಯಬಲ್ಲದು. ಆ ಮೊದಲ ವಾರಗಳನ್ನು ದಾಟಿದವರಲ್ಲಿ ಬಹುಪಾಲು ಜನ ಪೂರ್ತಿ ಗುಣವಾಗುವುದೂ ಇದೇ ಬಗೆಯಲ್ಲಿ. ಅದಕ್ಕೇ ವೈದ್ಯರು ಅನುಮಾನ ಬಂದ ಕೂಡಲೇ, ಕೊನೆಯ ವರದಿಗೂ ಕಾಯದೆ ಎಟಿಆರ್‌ಎ ಮಾತ್ರೆ ಶುರು ಮಾಡುತ್ತಾರೆ. ಇದರ ಇನ್ನೊಂದು ಮದ್ದು ಆರ್ಸೆನಿಕ್, ಅಂದರೆ ಪಾಷಾಣವೇ. ‘ವಿಷ ಹಾಕ್ತಾರಂತೆ’ ಎಂಬ ಗಾಬರಿಯ ಫೋನ್ ನಿಮಗೆ ಬಂದರೆ ಅಚ್ಚರಿಪಡಬೇಡಿ.

ಹೊರಡುವ ಮುನ್ನ ಇನ್ನೊಂದು ಮಾತು, ಇದನ್ನು ನಿಮ್ಮ ಕಡೆಯ ವೈದ್ಯರಿಗೂ ಮೆಲ್ಲಗೆ ಮುಟ್ಟಿಸಬೇಕು. ಜ್ವರ, ಸುಸ್ತು ಎಂದು ಹೋದವರಿಗೆ ಡೆಕ್ಸಾ ಸೂಜಿಯೋ ಸ್ಟಿರಾಯ್ಡ್ ಮಾತ್ರೆಯೋ ಕೊಡುವ ರೂಢಿ ನಮ್ಮಲ್ಲಿ ಬಹಳ. ಎಎಲ್‌ಎಲ್ ಮತ್ತು ಲಿಂಫೋಮಾದ ಕಣಗಳು ಸ್ಟಿರಾಯ್ಡಿಗೆ ತಾತ್ಕಾಲಿಕವಾಗಿ ಕರಗುತ್ತವೆ. ರೋಗಿಗೆ ನಾಲ್ಕು ದಿನ ಹಾಯೆನಿಸುತ್ತದೆ. ಆದರೆ ಅಸ್ಥಿಮಜ್ಜೆ (ಬೋನ್ ಮ್ಯಾರೋ) ಪರೀಕ್ಷೆ ಮಾಡಿದಾಗ ರೋಗ ಅರ್ಧಂಬರ್ಧ ಕಂಡು ಹೆಸರು ನಿರ್ಧರಿಸುವುದೇ ಕಷ್ಟವಾಗುತ್ತದೆ. ಪರೀಕ್ಷೆಗೆ ಮೊದಲು ಸ್ಟಿರಾಯ್ಡ್ ಬೇಡ. ಈಗಾಗಲೇ ಕೊಟ್ಟಿದ್ದರೆ ಚೀಟಿಯನ್ನು ಜೊತೆಗೆ ಒಯ್ಯಲಿ, ಮುಚ್ಚಿಡುವುದು ಬೇಡ.

ಎಲ್ಲಿಗೆ? ನಿಮಗೆ ಹುಬ್ಬಳ್ಳಿ ಹತ್ತಿರ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಕರಾವಳಿಯ ಕಡೆ ನಂಟಿದ್ದವರು ಮಣಿಪಾಲಕ್ಕೆ ಹೋಗುತ್ತಾರೆ. ಬೆಂಗಳೂರಲ್ಲಿ 1973ರಿಂದ ಇರುವ ಕಿದ್ವಾಯಿ ಸರ್ಕಾರಿ ಪ್ರಾದೇಶಿಕ ಕೇಂದ್ರ. ಬೆಳಗಾವಿ, ವಿಜಯಪುರದವರು ಮುಂಬೈನ ಟಾಟಾ ಮೆಮೋರಿಯಲ್‌ಗೆ ಹೋಗುವುದು ಹಳೆಯ ರೂಢಿ, ಅಲ್ಲಿ ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆ ಎಷ್ಟೋ ಕನ್ನಡದ ಕುಟುಂಬಗಳಿಗೆ ಮನೆಯಾಗಿದೆ. ನೀವು ಯಾವ ಆಸ್ಪತ್ರೆಯ ಪರವಾಗಿಯೂ ವಾದಿಸಬೇಡಿ. ಲ್ಯುಕೇಮಿಯಾ ಎಂದರೆ ಮೂರು ವಿಷಯ ವಿಚಾರಿಸಿ: ರಕ್ತರೋಗ ತಜ್ಞರು ಅಲ್ಲೇ ಇದ್ದಾರೆಯೇ, ಕ್ಯಾನ್ಸರ್ ಕಣದ ಬಗೆ ಗುರುತಿಸುವ ಫ್ಲೋ ಸೈಟೊಮೆಟ್ರಿ ಮತ್ತು ಜೀನ್ ಪರೀಕ್ಷೆಗೆ ವ್ಯವಸ್ಥೆ ಇದೆಯೇ, ರಕ್ತಸ್ರಾವ ತಡೆಯುವ ಪ್ಲೇಟ್‌ಲೆಟ್ ಕಣ ರಾತ್ರಿ ಎರಡು ಗಂಟೆಗೂ ಸಿಗುತ್ತದೆಯೇ. ಮೂರನೆಯದಕ್ಕೆ ಇಲ್ಲ ಎಂದರೆ ಆ ಆಸ್ಪತ್ರೆ ಎಷ್ಟೇ ಹತ್ತಿರವಿರಲಿ, ತೀವ್ರ ಲ್ಯುಕೇಮಿಯಾಕ್ಕೆ ಸರಿಹೋಗುವುದಿಲ್ಲ. ಮೈಲೋಮ, ಸಿಎಂಎಲ್ ಇದ್ದವರಿಗೆ ಲೆಕ್ಕ ಬೇರೆ. ಅವರು ವರ್ಷಗಟ್ಟಲೆ ಓಡಾಡಬೇಕು, ಹತ್ತಿರದ ಜಾಗವೇ ಒಳ್ಳೆಯದು.

ಹಣದ ವಿಷಯದಲ್ಲಿ ನಿಮ್ಮ ನಿಜವಾದ ಉಪಯೋಗ ಇರುವುದು ಕಾಗದಪತ್ರದಲ್ಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ (ಇದು ರೇಷನ್ ಕಾರ್ಡಿನ ಎಪಿಎಲ್, ಬಡತನ ರೇಖೆಗಿಂತ ಮೇಲಿನವರು) ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಬೇಕಾಗುವುದು ಆಧಾರ್ ಮತ್ತು ರೇಷನ್ ಕಾರ್ಡ್. ಎಡವುವುದು ಅಲ್ಲೇ. ಮಗುವಿನ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸಿಯೇ ಇರುವುದಿಲ್ಲ. ಆಧಾರಿನಲ್ಲಿ ‘ಬಸವ್ವ’, ಕಾರ್ಡಿನಲ್ಲಿ ‘ಬಸಮ್ಮ’. ಅಣ್ಣತಮ್ಮ ಬೇರೆಯಾಗಿ ಹತ್ತು ವರ್ಷವಾದರೂ ಕಾರ್ಡು ಒಂದೇ. ರೋಗಿ ಬೆಂಗಳೂರಿನಲ್ಲಿ ಮಲಗಿರುವಾಗ ಇದನ್ನು ಸರಿಪಡಿಸಲು ಯಾರು ತಾಲ್ಲೂಕು ಕಚೇರಿಗೆ ಹೋಗಬೇಕು? ಅದು ನಿಮ್ಮ ಗುಂಪಿನ ಕೆಲಸ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಸಾಮಾನ್ಯವಾಗಿ ಬೇಕಾಗುತ್ತದೆ, ಹೊರಡುವ ದಿನವೇ ಮಾಡಿಸಿ. ಇದು ನಗದುರಹಿತ ಯೋಜನೆ. ಮೊದಲು ಕೈಯಿಂದ ಕಟ್ಟಿ, ಆಮೇಲೆ ರಸೀದಿ ತೋರಿಸಿ ವಾಪಸ್ ಪಡೆಯುತ್ತೇವೆ ಎಂಬ ಭರವಸೆ ಇಟ್ಟುಕೊಳ್ಳಬಾರದು. ಆಸ್ಪತ್ರೆ ತಲುಪಿದ ಕೂಡಲೇ ಯೋಜನೆಯ ಸಹಾಯಕರಾದ ‘ಆರೋಗ್ಯ ಮಿತ್ರ’ರ ಕೌಂಟರ್ ಎಲ್ಲಿ ಎಂದು ಕೇಳಲಿ. ಅನುಮಾನವಿದ್ದರೆ 104ಕ್ಕೆ ಫೋನ್ ಮಾಡಲಿ.

ಜನಕ್ಕೆ ನೆನಪೇ ಆಗದ ಇನ್ನೊಂದು ದಾರಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ. ನಿಮ್ಮ ತಾಲ್ಲೂಕಿನ ಎಷ್ಟು ಮನೆಯ ಮಗಳೋ ಮಗನೋ ಪೀಣ್ಯದಲ್ಲಿ, ಬೊಮ್ಮನಹಳ್ಳಿಯಲ್ಲಿ ಗಾರ್ಮೆಂಟ್ಸ್, ಫ್ಯಾಕ್ಟರಿ ಕೆಲಸದಲ್ಲಿದ್ದಾರೆ! ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ಕಡಿತ ಇದ್ದರೆ ಅವರ ಆಶ್ರಯದಲ್ಲಿರುವ ತಂದೆ-ತಾಯಿಗೂ ಅಲ್ಲಿ ಚಿಕಿತ್ಸೆ ಇದೆ. ಕ್ಯಾನ್ಸರ್ ಆದದ್ದು ಕೆಲಸಗಾರರಿಗೇ ಆದರೆ, ಎರಡು ವರ್ಷದ ಸೇವೆ ಮತ್ತಿತರ ಷರತ್ತು ಪೂರೈಸಿದವರಿಗೆ ದೀರ್ಘ ಕಾಯಿಲೆಯ ಭತ್ಯೆ ಎಂದು ಸಂಬಳದ ಶೇ 80ರಷ್ಟು ಎರಡು ವರ್ಷದವರೆಗೂ ಸಿಗಬಹುದು. ಇದು ಗೊತ್ತಿಲ್ಲದೆ ರಾಜೀನಾಮೆ ಬರೆದುಕೊಟ್ಟು ಊರಿಗೆ ಬರುತ್ತಾರೆ. ರಾಜೀನಾಮೆ ಬರೆಯುವ ಮುಂಚೆ ನಿಮಗೆ ಫೋನ್ ಮಾಡುವಂತಾಗಬೇಕು. ಇವೆರಡೂ ಇಲ್ಲದ ಬಡ ರೋಗಿಗೆ ಕೇಂದ್ರ ಸರ್ಕಾರ 2009ರಲ್ಲಿ ಸ್ಥಾಪಿಸಿದ ಆರೋಗ್ಯ ಸಚಿವರ ಕ್ಯಾನ್ಸರ್ ರೋಗಿಗಳ ನಿಧಿ ಇದೆ, ಕಿದ್ವಾಯಿಯಂಥ ಪ್ರಾದೇಶಿಕ ಕೇಂದ್ರಗಳ ಮೂಲಕ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಶಾಸಕರ ಪತ್ರ ಹಿಡಿದು ಹೋಗುವುದು ನಿಮಗೆ ನಾನು ಹೇಳಿಕೊಡಬೇಕಾದ್ದಿಲ್ಲ.

ಯೋಜನೆ ಕೊಡದೇ ಇರುವುದು ದಾರಿಖರ್ಚು, ಬಾಡಿಗೆ, ಊಟ, ಬಿಟ್ಟುಹೋದ ಕೂಲಿ. ಕಿಮೋಥೆರಪಿಗೆ ದುಡ್ಡಿಲ್ಲದೆ ಬಿಡುವವರಿಗಿಂತ ಬಸ್ಸಿಗೂ ರೂಮಿಗೂ ಇಲ್ಲದೆ ಬಿಡುವವರು ಹೆಚ್ಚು ಎಂಬುದು ನನ್ನ ಅನುಭವ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಗೆ ಹೋಗುವವರಿಗೆ ಅದೇ ದರ್ಜೆಗಳಲ್ಲಿ ಶೇ 75. ಆಸ್ಪತ್ರೆಯ ವೈದ್ಯರು ರೈಲ್ವೆಯ ನಮೂನೆಯಲ್ಲೇ ಸಹಿ ಮಾಡಿ ಕೊಟ್ಟ ಪ್ರಮಾಣಪತ್ರ ಬೇಕು. ಬಿಳಿ ಹಾಳೆಯ ಪತ್ರ ನಡೆಯುವುದಿಲ್ಲ. ರಾಣೆಬೆನ್ನೂರಿನಿಂದ ಬೆಂಗಳೂರಿಗೆ ಓಡಾಡುವ ಕುಟುಂಬಕ್ಕೆ ಇದು ಸಣ್ಣ ಮೊತ್ತವಲ್ಲ. ತಾಯಂದಿರಿಗೆ ಶಕ್ತಿ ಯೋಜನೆಯ ಬಸ್ಸು ಹೇಗೂ ಇದೆ. ಆಸ್ಪತ್ರೆಯ ಆವರಣದಲ್ಲೋ ಹತ್ತಿರದಲ್ಲೋ ಧರ್ಮಶಾಲೆ ಇದೆಯೇ, ಜಾಗ ಯಾರನ್ನು ಕೇಳಬೇಕು ಎಂಬುದನ್ನು ಒಮ್ಮೆ ನೀವೇ ಹೋಗಿ ನೋಡಿ ಬನ್ನಿ. ಫೋನಿನಲ್ಲಿ ಕೇಳಿದ್ದಕ್ಕೂ ಕಣ್ಣಲ್ಲಿ ಕಂಡದ್ದಕ್ಕೂ ವ್ಯತ್ಯಾಸವಿದೆ.

ಇನ್ನು ರಕ್ತ. ಊರಲ್ಲಿ ರಕ್ತದಾನ ಶಿಬಿರ ಮಾಡುವ ಹುಮ್ಮಸ್ಸು ನಿಮ್ಮ ಗೆಳೆಯರಲ್ಲಿ ಇರಬಹುದು. ಒಳ್ಳೆಯದೇ, ಆದರೆ ನಿಮ್ಮ ರೋಗಿಗೆ ಅದರಿಂದ ನೇರ ಉಪಯೋಗ ಕಡಿಮೆ. ಲ್ಯುಕೇಮಿಯಾ ರೋಗಿಗೆ ಹೆಚ್ಚಾಗಿ ಬೇಕಾಗುವುದು ಪ್ಲೇಟ್‌ಲೆಟ್. ಅದರ ಆಯುಷ್ಯ ಐದೇ ದಿನ, ಫ್ರಿಜ್ಜಿನಲ್ಲಿಡುವಂತಿಲ್ಲ. ಒಬ್ಬ ದಾನಿಯಿಂದ ಯಂತ್ರದ ಮೂಲಕ ತೆಗೆಯುವ ಪ್ಲೇಟ್‌ಲೆಟ್, ಸಾಮಾನ್ಯ ರಕ್ತದ ಐದಾರು ಚೀಲದಿಂದ ಬೇರ್ಪಡಿಸಿದ್ದಕ್ಕೆ ಸಮ. ದಾನಿ ಒಂದೂವರೆ ಗಂಟೆ ಕುಳಿತರೆ ಆಯಿತು. ಹಾಗಾಗಿ ನಿಮಗೆ ಬೇಕಾದ ಪಟ್ಟಿ ಹಿರೇಕೆರೂರಿನಲ್ಲಿರುವವರದ್ದಲ್ಲ, ಹಿರೇಕೆರೂರಿನಿಂದ ಹೋಗಿ ಬೆಂಗಳೂರಲ್ಲಿ ನೆಲೆಸಿದವರದ್ದು. ನಿಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳನ್ನೇ ಹಿಡಿಯಿರಿ. ಮೇಷ್ಟ್ರು ಫೋನ್ ಮಾಡಿದರೆ ಇಲ್ಲ ಎನ್ನುವ ಶಿಷ್ಯ ಅಪರೂಪ. ರಕ್ತದ ಗುಂಪು, ವಾಸದ ಬಡಾವಣೆ, ಹಿಂದೆ ಯಾವಾಗ ಕೊಟ್ಟಿದ್ದರು, ಇಷ್ಟು ಬರೆದಿಟ್ಟರೆ ಸಾಕು. ಯಾವ ರಕ್ತನಿಧಿಯಲ್ಲಿ ಏನಿದೆ ಎಂಬುದನ್ನು ಇ-ರಕ್ತಕೋಶ್ ಜಾಲತಾಣದಲ್ಲಿ ನೋಡಬಹುದು.

ಇಲ್ಲೊಂದು ಎಚ್ಚರಿಕೆ. ಅಸ್ಥಿಮಜ್ಜೆ ಕಸಿಯ ಮಾತು ಬಂದಿರುವ ರೋಗಿಗೆ ಒಡಹುಟ್ಟಿದವರ, ತಂದೆತಾಯಿಯ ರಕ್ತ ಕೊಡಿಸಬೇಡಿ. ಮನೆಯವರೆಲ್ಲಾ ಮೊದಲು ತೋಳು ಚಾಚುವುದು ಸಹಜ. ಆದರೆ ಮುಂದೆ ಅವರದೇ ಕಾಂಡಕೋಶ (ಸ್ಟೆಮ್ ಸೆಲ್) ಬೇಕಾದಾಗ, ರೋಗಿಯ ದೇಹ ಆ ರಕ್ತವನ್ನು ಮೊದಲೇ ಗುರುತಿಟ್ಟುಕೊಂಡು ಕಸಿಯನ್ನು ತಿರಸ್ಕರಿಸುವ ಅಪಾಯ ಹೆಚ್ಚುತ್ತದೆ. ಒಬ್ಬೊಬ್ಬ ಒಡಹುಟ್ಟಿದವರಿಗೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮನೆಯಲ್ಲಿ ಸಿಗದಿದ್ದರೆ ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ, ಚೆನ್ನೈನ ದಾತ್ರಿ ಇಂಥ ದಾನಿ ನೋಂದಣಿ ಸಂಸ್ಥೆಗಳಲ್ಲಿ ಹುಡುಕುತ್ತಾರೆ. ಅರ್ಧ ಹೊಂದುವ ತಂದೆ, ತಾಯಿ, ಮಕ್ಕಳಿಂದ ಕಸಿ ಮಾಡುವುದೂ ಈಗ ಸಾಮಾನ್ಯವಾಗಿದೆ. ನೋಂದಾಯಿಸಿಕೊಳ್ಳಲು ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಸವರಿ ಕೊಟ್ಟರಾಯಿತು. ಬೆನ್ನುಮೂಳೆಗೆ ಸೂಜಿ ಚುಚ್ಚುತ್ತಾರೆ ಎಂಬ ಭಯ ಸುಳ್ಳು, ಬಹುತೇಕ ದಾನಿಗಳಿಂದ ತೋಳಿನ ರಕ್ತನಾಳದ ಮೂಲಕವೇ ತೆಗೆಯುತ್ತಾರೆ. ನಿಮ್ಮ ಶಿಷ್ಯರ ಪಟ್ಟಿಗೆ ಇದು ಎರಡನೇ ಉಪಯೋಗ.

ಜ್ವರಕ್ಕೆ ಬರುತ್ತೇನೆ. ಈ ಉತ್ತರದಲ್ಲಿ ಒಂದೇ ಭಾಗವನ್ನು ಓದಿ ಹೇಳುವುದಾದರೆ ಇದನ್ನೇ ಓದಿ ಹೇಳಿ. ಕಿಮೋಥೆರಪಿ ಆದ ಒಂದೆರಡು ವಾರದಲ್ಲಿ ಬಿಳಿರಕ್ತಕಣ ತಳ ಸೇರುತ್ತದೆ. ಆಗ ಬರುವ ಜ್ವರ ಬೆಳಗಾಗುವವರೆಗೆ ಕಾಯುವ ಜ್ವರವಲ್ಲ. 100.4 ಡಿಗ್ರಿ ದಾಟಿದರೆ ತಕ್ಷಣ ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಗೆ ಫೋನ್ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಬೇಕು. ತಲುಪಿದ ಗಂಟೆಯೊಳಗೆ ನರಕ್ಕೆ ಆಂಟಿಬಯೋಟಿಕ್ ಬೀಳಬೇಕು. ನೀವು ದುಡ್ಡು ಕೊಟ್ಟು ಏನಾದರೂ ಕೊಡಿಸುವುದಾದರೆ ಪ್ರತಿ ಮನೆಗೆ ಒಂದು ಥರ್ಮಾಮೀಟರ್ ಕೊಡಿಸಿ, ನೋಡುವುದನ್ನು ಕಲಿಸಿ. ‘ಮೈ ಸುಡ್ತಿತ್ತು, ಒಂದು ಡೋಲೋ ಕೊಟ್ವಿ, ಇಳೀತು, ಮತ್ತೆ ಬಂತು’ ಎಂಬ ಕಥೆಯ ಕೊನೆ ಒಳ್ಳೆಯದಿರುವುದಿಲ್ಲ. ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ಸೊಂಟಕ್ಕೆ ಸೂಜಿ ಹಾಕಿಸುವುದೂ ಅಪಾಯ, ಮಾಂಸಖಂಡದೊಳಗೆ ರಕ್ತ ಕಟ್ಟುತ್ತದೆ. ನೋವಿಗೆಂದು ಡೈಕ್ಲೋಫೆನಾಕ್, ಆಸ್ಪಿರಿನ್, ಬ್ರೂಫೆನ್ ಕೂಡದು. ಈ ನಾಲ್ಕು ಸಾಲನ್ನು ಒಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿ, ಮೇಲೆ ಆಸ್ಪತ್ರೆಯ ವಾರ್ಡಿನ ಫೋನ್ ನಂಬರ್ ಬರೆದು, ರೋಗಿಯ ಜೇಬಿನಲ್ಲಿಡಿ. ಊರಿನ ಆರ್‌ಎಂಪಿ ವೈದ್ಯರಿಗೆ ತೋರಿಸಲೂ ಅದೇ ಸಾಕು. ಬಾಯಲ್ಲಿ ಹೇಳಿದರೆ ಜಗಳ, ಅಚ್ಚಾದ ಕಾರ್ಡಿಗೆ ಮರ್ಯಾದೆ.

ಮಕ್ಕಳ ಎಎಲ್‌ಎಲ್ ನಿಮ್ಮ ಮನೆಯಲ್ಲೇ ನೋಡಿದ್ದೀರಿ. ಮೊದಲ ತಿಂಗಳ ಚಿಕಿತ್ಸೆಯಲ್ಲೇ ಹೆಚ್ಚಿನ ಮಕ್ಕಳ ರಕ್ತದಲ್ಲಿ ರೋಗ ಕಾಣದಂತಾಗುತ್ತದೆ. ಆಮೇಲೂ ಎರಡರಿಂದ ಮೂರು ವರ್ಷ ಏಕೆ ಎಂಬುದು ತಂದೆತಾಯಿಗೆ ಹೊಳೆಯುವುದಿಲ್ಲ. ಹುಡುಗ ಆಡುತ್ತಿದ್ದಾನೆ, ಕೂದಲು ಬಂದಿದೆ, ಸಾಲ ಏರಿದೆ. ಇಲ್ಲಿ ಬಿಟ್ಟರೆ ರೋಗ ಮರಳುತ್ತದೆ, ಮರಳಿದ್ದು ಮೊದಲಿನಷ್ಟು ಸುಲಭಕ್ಕೆ ಮಣಿಯುವುದಿಲ್ಲ. ಇದನ್ನು ವೈದ್ಯರು ಹೇಳಿದರೆ ಕೇಳಿಸಿಕೊಳ್ಳುತ್ತಾರೆ, ನಿಮ್ಮ ಅಕ್ಕ ಹೇಳಿದರೆ ನಂಬುತ್ತಾರೆ. ಹಾಗಾಗಿ ಈ ಹಂತದ ಫೋನುಗಳನ್ನು ಅಕ್ಕನಿಗೆ ಬಿಡಿ.

ಈ ಕೊನೆಯ ಹಂತದಲ್ಲಿ ಮನೆಯಲ್ಲೇ ಕೊಡುವ ಎರಡು ಮಾತ್ರೆಗಳಲ್ಲಿ 6-ಎಂಪಿ ದಿನಾಲೂ, ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ. ವಾರದ್ದನ್ನು ದಿನದ್ದೆಂದು ತಿಳಿದು ನುಂಗಿಸಿ ಜೀವಕ್ಕೇ ಕುತ್ತು ತಂದುಕೊಂಡ ಪ್ರಕರಣಗಳು ಪ್ರಪಂಚದೆಲ್ಲೆಡೆ ನಡೆದಿವೆ. ಕ್ಯಾಲೆಂಡರಿನಲ್ಲಿ ಮೆಥೊಟ್ರೆಕ್ಸೇಟ್ ಕೊಡುವ ಆ ಒಂದು ದಿನವನ್ನು ಕೆಂಪು ಪೆನ್ನಿನಿಂದ ಸುತ್ತಿ ಕೊಡಿ. ಇನ್ನು ನೀವು ಮೇಷ್ಟ್ರು ಆಗಿರುವುದರಿಂದ ಮಾತ್ರ ಆಗುವ ಕೆಲಸ ಒಂದಿದೆ. ಶಾಲೆಯಲ್ಲಿ ಯಾವ ಮಗುವಿಗಾದರೂ ಅಮ್ಮ ಬಂದರೆ, ಅಂದರೆ ಸೀತಾಳೆ ಸಿಡುಬು ಎದ್ದರೆ, ಚಿಕಿತ್ಸೆಯಲ್ಲಿರುವ ಮಗುವಿನ ಮನೆಗೆ ಅದೇ ದಿನ ಸುದ್ದಿ ಮುಟ್ಟಬೇಕು, ಅವರು ಅದೇ ದಿನ ಆಸ್ಪತ್ರೆಗೆ ಫೋನ್ ಮಾಡಬೇಕು. ಬೇರೆ ಮಕ್ಕಳಿಗೆ ಒಂದು ವಾರದ ಕಜ್ಜಿ, ಈ ಮಗುವಿಗೆ ಪ್ರಾಣಾಪಾಯ. ಹಾಗೆಯೇ ಪೋಲಿಯೊ ಹನಿಯಂಥ ಜೀವಂತ ಲಸಿಕೆಯನ್ನು ಆ ಮಗುವಿಗೂ, ಅದೇ ಮನೆಯ ಇತರ ಮಕ್ಕಳಿಗೂ ಕ್ಯಾನ್ಸರ್ ವೈದ್ಯರನ್ನು ಕೇಳದೆ ಹಾಕಿಸಬಾರದು. ಊರಿನ ಆಶಾ ಕಾರ್ಯಕರ್ತೆಗೆ ಇದನ್ನು ಮೊದಲೇ ಹೇಳಿಟ್ಟರೆ ಪಲ್ಸ್ ಪೋಲಿಯೊ ಭಾನುವಾರದ ಗೊಂದಲ ತಪ್ಪುತ್ತದೆ.

ಈಗ ಮಾತ್ರೆ ಬಿಟ್ಟಿರುವವರ ವಿಷಯ. ಸಿಎಂಎಲ್‌ಗೆ ಇಮ್ಯಾಟಿನಿಬ್ ಎಂಬ ಮಾತ್ರೆ ಬಂದದ್ದು 2001ರಲ್ಲಿ. ಅದಕ್ಕೆ ಮುಂಚೆ ಈ ರೋಗಕ್ಕೆ ಕಸಿ ಬಿಟ್ಟರೆ ನೆಚ್ಚುವಂಥದ್ದು ಇರಲಿಲ್ಲ. ಮೂಲ ಕಂಪನಿ ನೊವಾರ್ಟಿಸ್ ಅದನ್ನು ಮಾರುತ್ತಿದ್ದ ಹೆಸರು ಗ್ಲಿವೆಕ್, ಅದು ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿತ್ತು, ಭಾರತದ ಜೆನೆರಿಕ್ ಹತ್ತು ಸಾವಿರದ ಆಸುಪಾಸಿನಲ್ಲಿತ್ತು. ಪೇಟೆಂಟ್ ಕೊಡಬಾರದೆಂದು ಹೋರಾಡಿದವರಲ್ಲಿ ಮುಂಬೈನ ಕ್ಯಾನ್ಸರ್ ಪೇಷೆಂಟ್ಸ್ ಏಡ್ ಅಸೋಸಿಯೇಷನ್ ಎಂಬ ರೋಗಿಗಳ ಸಂಸ್ಥೆಯೂ ಇತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ನೊವಾರ್ಟಿಸ್‌ನ ಅರ್ಜಿಯನ್ನು ತಳ್ಳಿಹಾಕಿತು. ಇನ್ನೊಂದು ಕಡೆ ಅದೇ ಔಷಧಿಯನ್ನು ಸಾವಿರಾರು ಭಾರತೀಯರಿಗೆ ಉಚಿತವಾಗಿ ತಲುಪಿಸಿದ ಕಾರ್ಯಕ್ರಮವನ್ನು ನಡೆಸಿದ್ದು ಮ್ಯಾಕ್ಸ್ ಫೌಂಡೇಶನ್. ಸಿಎಂಎಲ್‌ನಿಂದ ತೀರಿಕೊಂಡ ಹುಡುಗನೊಬ್ಬನ ಮನೆಯವರು 1997ರಲ್ಲಿ ಕಟ್ಟಿದ ಸಂಸ್ಥೆ ಅದು. ‘ಫ್ರೆಂಡ್ಸ್ ಆಫ್ ಮ್ಯಾಕ್ಸ್’ ಎಂಬ ಭಾರತದ ರೋಗಿಗಳ ಬಳಗ ಅದರ ಜೊತೆಯಲ್ಲೇ ಬೆಳೆಯಿತು. ಸಿಎಂಎಲ್ ಇದ್ದವರನ್ನು ಸಿಎಂಎಲ್ ಇದ್ದವರೇ ಕೂಡಿಸಿ ಮಾತಾಡಿಸುವ ಆ ಸಭೆಗಳಿಂದ ನೀವು ಕಲಿಯುವುದು ಬಹಳ ಇದೆ.

ಮಾತ್ರೆ ಅಗ್ಗವಾದರೂ, ಪುಕ್ಕಟೆಯಾದರೂ ಜನ ಬಿಡುತ್ತಾರೆ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯವರು 87 ರೋಗಿಗಳ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಚಿಪ್ ಅಳವಡಿಸಿ, ದಿನಾ ತೆರೆಯುತ್ತಾರೆಯೇ ಎಂದು ಲೆಕ್ಕ ಇಟ್ಟರು. 2010ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಶೇ 90ಕ್ಕಿಂತ ಹೆಚ್ಚು ಮಾತ್ರೆ ನುಂಗಿದವರಲ್ಲಿ ಆರು ವರ್ಷದ ಹೊತ್ತಿಗೆ ರೋಗ ಸುರಕ್ಷಿತ ಮಟ್ಟಕ್ಕೆ ಇಳಿಯುವ ಸಾಧ್ಯತೆ ಶೇ 94.5, ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಶೇ 28.4. ಶೇ 10 ಎಂದರೆ ತಿಂಗಳಿಗೆ ಮೂರು ಮಾತ್ರೆ, ಅಷ್ಟೇ.

ಆದರೆ ಈ ಅಂಕಿ ಹಿಡಿದು ನೇರವಾಗಿ ಅವರ ಮನೆಗೆ ಹೋಗಬೇಡಿ. ‘ಯಾಕೆ ಬಿಟ್ರಿ?’ ಎಂದು ಕೇಳಿದರೆ ‘ಆರಾಮ ಅದೀನಿ’ ಎಂಬ ಉತ್ತರವೇ ಬರುತ್ತದೆ. ‘ಮಾತ್ರೆ ತಗೊಂಡ್ರ ಏನ್ ತ್ರಾಸ ಆಗ್ತಿತ್ತು?’ ಎಂದು ಕೇಳಿ. ಕಣ್ಣಿನ ಸುತ್ತ ಊತ, ಮೀನಖಂಡ ಹಿಡಿಯುವುದು, ವಾಕರಿಕೆ, ಭೇದಿ ಇವು ಇಮ್ಯಾಟಿನಿಬ್‌ನ ಸಾಮಾನ್ಯ ತೊಂದರೆಗಳು. ಊಟದ ಜೊತೆ, ದೊಡ್ಡ ಲೋಟ ನೀರಿನಲ್ಲಿ ತೆಗೆದುಕೊಂಡರೆ ವಾಕರಿಕೆ ಎಷ್ಟೋ ತಗ್ಗುತ್ತದೆ. ಬರಿಹೊಟ್ಟೆಯಲ್ಲಿ ಚಹಾ ಕುಡಿದು ನುಂಗುವವರೇ ಹೆಚ್ಚು. ಉಳಿದದ್ದಕ್ಕೂ ವೈದ್ಯರ ಬಳಿ ದಾರಿ ಇದೆ, ಬೇರೆ ಮಾತ್ರೆಗಳೂ ಇವೆ. ಇನ್ನು ಕೆಲವರು ಬಾಯಿ ಬಿಡದ ಕಾರಣ ಮಗಳ ಮದುವೆ. ಬೀಗರಿಗೆ ಮಾತ್ರೆಯ ಡಬ್ಬಿ ಕಾಣಬಾರದು. ಅಂಥವರಿಗೆ ಡಬ್ಬಿ ಬದಲಾಯಿಸಿ ಕೊಟ್ಟರೆ ಅರ್ಧ ಕೆಲಸ ಆಯಿತು. ಅವರ ಬಳಗದವರಲ್ಲದ, ಆದರೆ ಅವರದೇ ಮಾತ್ರೆ ವರ್ಷಗಳಿಂದ ನುಂಗಿ ಹೊಲ ಮಾಡುತ್ತಿರುವ ಇನ್ನೊಬ್ಬ ರೈತರನ್ನು ಜೊತೆಗೆ ಕರೆದೊಯ್ಯಿರಿ.

ಅವರು ‘ಕೆಲವರಿಗೆ ಡಾಕ್ಟರೇ ನಿಲ್ಲಿಸ್ತಾರಂತೆ’ ಎನ್ನಬಹುದು. ಅದು ನಿಜ. ಹಲವು ವರ್ಷ ಮಾತ್ರೆ ನುಂಗಿ, ರೋಗದ ಜೀನ್ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ಅಳೆಯುವ ಬಿಸಿಆರ್-ಎಬಿಎಲ್ ಪಿಸಿಆರ್ ಪರೀಕ್ಷೆಯಲ್ಲಿ ರೋಗ ಬಹಳ ಆಳಕ್ಕೆ ಇಳಿದು ಹಾಗೇ ಉಳಿದವರಿಗೆ, ಮೊದಮೊದಲು ತಿಂಗಳಿಗೊಮ್ಮೆ ಪರೀಕ್ಷೆ ಮಾಡುತ್ತಾ ನಿಲ್ಲಿಸಿ ನೋಡುತ್ತಾರೆ. ಅವರಲ್ಲೂ ಸುಮಾರು ಅರ್ಧದಷ್ಟು ಜನರಿಗೆ ರೋಗ ಮರಳಿ, ಮತ್ತೆ ಶುರು ಮಾಡಬೇಕಾಗುತ್ತದೆ. ಇದನ್ನು ಅಲ್ಲಗಳೆಯದೆ ಹೇಳಿ: ‘ಆ ಪರೀಕ್ಷೆ ಮಾಡಿಸೋಣ ಬನ್ನಿ.’ ಹಳೆಯ ಡಬ್ಬಿಯಿಂದ ನೀವೇ ಮಾತ್ರೆ ಶುರು ಮಾಡಿಸಬೇಡಿ. ಎಷ್ಟು ದಿನ ಬಿಟ್ಟಿದ್ದಾರೆ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿಸಿ. ಮುಚ್ಚಿಟ್ಟರೆ ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದುಕೊಂಡು ದುಬಾರಿ ಮಾತ್ರೆಗೆ ಹೋಗುತ್ತಾರೆ. ಮಕ್ಕಳಾಗಬೇಕೆಂದು ಮಾತ್ರೆ ಬಿಟ್ಟ ಹೆಣ್ಣುಮಕ್ಕಳ ವಿಷಯದಲ್ಲೂ ಇಷ್ಟೇ. ಗರ್ಭಕ್ಕೆ ಇಮ್ಯಾಟಿನಿಬ್ ಒಳ್ಳೆಯದಲ್ಲ, ಆದರೆ ಅದಕ್ಕೂ ಮೊದಲೇ ಯೋಜನೆ ಹಾಕಿಕೊಡುವ ವೈದ್ಯರಿದ್ದಾರೆ.

ಏನು ಹೇಳಬಾರದು ಎಂದು ಕೇಳಿದ್ದೀರಿ. ‘ಗುಣವಾಗುತ್ತೆ’ ಎನ್ನಬೇಡಿ, ‘ಕಷ್ಟ ಇದೆ’ ಎಂದೂ ಅನ್ನಬೇಡಿ. ನಿಮ್ಮ ಅಕ್ಕನ ಮಗನ ಉದಾಹರಣೆಯನ್ನು ಎಎಂಎಲ್ ಆದ ಅರವತ್ತರ ಅಜ್ಜನಿಗೆ ಕೊಡಬೇಡಿ. ಔಷಧಿಯ ಪ್ರಮಾಣ, ರಿಪೋರ್ಟಿನ ಅರ್ಥ ನಿಮ್ಮ ಕೆಲಸವಲ್ಲ. ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ರೋಗಿಯ ಜೊತೆ ಕೂತು ಹಾಳೆಯಲ್ಲಿ ಬರೆದುಕೊಡುವುದು ನಿಮ್ಮ ಕೆಲಸ. ನಾಟಿ ಔಷಧಿ, ಲಕ್ಷ್ಮಣಫಲ, ಗೋಮೂತ್ರದ ಮಾತು ಬಂದಾಗ ಗದರಬೇಡಿ. ಗದರಿದರೆ ಕದ್ದು ಕುಡಿಯುತ್ತಾರೆ. ‘ಆಸ್ಪತ್ರೆಯದ್ದನ್ನು ಬಿಡಬೇಡಿ, ಇದನ್ನು ತಗೊಳ್ಳೋದನ್ನ ಡಾಕ್ಟರಿಗೆ ಹೇಳಿ’ ಎಂಬ ಎರಡು ಮಾತು ಸಾಕು. ಲಿವರ್ ಏರುಪೇರಾದಾಗ ಕಾರಣ ಹುಡುಕಲು ಅವರಿಗೆ ಅದು ಗೊತ್ತಿರಬೇಕು.

‘ನಮ್ಮಪ್ಪಗ ಹೇಳಬ್ಯಾಡ್ರಿ’ ಎಂಬ ಬೇಡಿಕೆ ನಿಮಗೆ ಅತಿ ಹೆಚ್ಚು ಬರುತ್ತದೆ. ನೀವಾಗಿ ಹೇಳಲು ಹೋಗಬೇಡಿ. ಆದರೆ ರೋಗಿ ನಿಮ್ಮನ್ನೇ ನೇರವಾಗಿ ಕೇಳಿದರೆ ಸುಳ್ಳೂ ಹೇಳಬೇಡಿ. ‘ನಿಮಗೆ ಎಷ್ಟು ಗೊತ್ತಾಗ್ಬೇಕು ಅನ್ನಿಸ್ತದ?’ ಎಂದು ಕೇಳಿ, ಅದನ್ನು ವೈದ್ಯರ ಮುಂದೆ ಇಡಿ. ಕ್ಯಾನ್ಸರ್ ಆಸ್ಪತ್ರೆಯ ಬೋರ್ಡಿನ ಕೆಳಗೆ ತಿಂಗಳುಗಟ್ಟಲೆ ಕೂತವರಿಗೆ ಗೊತ್ತಿರುವುದಿಲ್ಲ ಎಂದು ಮನೆಯವರು ನಂಬುವುದು ನನಗೆ ಇಂದಿಗೂ ಸೋಜಿಗ. ರೋಗಿಯ ಫೋಟೊ, ರಿಪೋರ್ಟು ವಾಟ್ಸ್ಆ್ಯಪ್ ಗುಂಪಿನಲ್ಲಿ ಬೀಳುವಂತಿಲ್ಲ, ರಕ್ತ ಬೇಕೆಂಬ ಸಂದೇಶದಲ್ಲೂ. ವಾರ್ಡು, ರಕ್ತದ ಗುಂಪು, ಸಂಪರ್ಕಿಸಬೇಕಾದ ನಿಮ್ಮ ನಂಬರ್, ದಿನಾಂಕ ಇಷ್ಟಿರಲಿ. ದಿನಾಂಕ ಹಾಕದ ಸಂದೇಶ ರೋಗಿ ತೀರಿಕೊಂಡ ಮೇಲೂ ವರ್ಷಗಟ್ಟಲೆ ಸುತ್ತುತ್ತಿರುತ್ತದೆ, ಆ ಫೋನುಗಳನ್ನು ಎತ್ತಬೇಕಾದವರು ಹೆಂಡತಿ ಮಕ್ಕಳು.

ಚಿಕಿತ್ಸೆ ಇನ್ನು ಫಲಿಸುವುದಿಲ್ಲ ಎಂದು ವೈದ್ಯರು ಹೇಳಿದ ದಿನವೂ ನಿಮ್ಮ ಫೋನ್ ಚಾಲೂ ಇರಲಿ. ಹೆಚ್ಚಿನ ನೆರವಿನ ಗುಂಪುಗಳು ಅಲ್ಲಿಗೆ ಮಾಯವಾಗುತ್ತವೆ. ನೋವು, ಉಸಿರಾಟದ ಕಷ್ಟ, ರಕ್ತಸ್ರಾವ ನೋಡಿಕೊಳ್ಳುವ ಉಪಶಮನ ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂದು ಆಸ್ಪತ್ರೆಯಿಂದ ಹೊರಡುವ ಮೊದಲೇ ಕೇಳಿ ಬರೆಸಿಕೊಳ್ಳಿ. ಬೆಂಗಳೂರಿನಲ್ಲಿ ಕರುಣಾಶ್ರಯ 1999ರಿಂದ ಒಂದು ರೂಪಾಯಿ ತೆಗೆದುಕೊಳ್ಳದೆ ಈ ಕೆಲಸ ಮಾಡುತ್ತಿದೆ. ಊರಲ್ಲೇ ಇರುತ್ತೇವೆ ಎನ್ನುವವರಿಗೆ ಮಾರ್ಫಿನ್ ಯಾರು ಬರೆದುಕೊಡುತ್ತಾರೆ, ಎಲ್ಲಿ ದೊರೆಯುತ್ತದೆ ಎಂಬುದನ್ನು ನೀವು ಮುಂಚೆಯೇ ತಿಳಿದಿಟ್ಟುಕೊಂಡಿರಬೇಕು.

ಟ್ರಸ್ಟಿನ ವಿಷಯ ಕೊನೆಗಿಟ್ಟೆ. ನೀವು ಸರ್ಕಾರಿ ನೌಕರರು. ನಡತೆ ನಿಯಮದಂತೆ ಅನುಮತಿ ಇಲ್ಲದೆ ಚಂದಾ ಎತ್ತುವಂತಿಲ್ಲ, ಹಣದ ಖಾತೆಗೆ ನಿಮ್ಮ ಹೆಸರು ಬೇಡವೇ ಬೇಡ. ಹಣ ಕೊಡಬೇಕೆನ್ನುವ ದಾನಿ ಬಂದರೆ ಆಸ್ಪತ್ರೆಯ ಬಡ ರೋಗಿಗಳ ನಿಧಿಗೋ, ರೋಗಿಯ ಖಾತೆಗೋ ನೇರ ಹಾಕಲಿ. ಆನ್‌ಲೈನ್ ಹಣಸಂಗ್ರಹ ತಾಣಕ್ಕೆ ಹೋಗುವವರು ತಾಣ ಎಷ್ಟು ಮುರಿದುಕೊಳ್ಳುತ್ತದೆ ಎಂಬುದನ್ನು ಸಹಿ ಹಾಕುವ ಮೊದಲು ಓದಲಿ. ಒಂದು ವರ್ಷ ಬರೀ ಒಂದು ಸಿಮ್ ಕಾರ್ಡು, ಒಂದು ನೋಟ್‌ಬುಕ್ಕಿನಿಂದ ನಡೆಸಿ. ಯಾರು ಫೋನ್ ಮಾಡಿದರು, ಯಾವ ರೋಗ, ಮುಂದಿನ ಭೇಟಿ ಯಾವ ದಿನ, ಹೋದರೋ ಇಲ್ಲವೋ. ಭೇಟಿಯ ಹಿಂದಿನ ಸಂಜೆ ನೀವೇ ಫೋನ್ ಮಾಡಿ, ಹೋಗದಿದ್ದರೆ ಮರುದಿನ ಮನೆಗೆ ಹೋಗಿ. ನೀವು ತರಗತಿಯಲ್ಲಿರುವಾಗ ಫೋನ್ ಯಾರ ಕೈಯಲ್ಲಿರಬೇಕು, ರಾತ್ರಿ ಯಾರ ಕೈಯಲ್ಲಿ, ಇದನ್ನು ಗೆಳೆಯರ ನಡುವೆ ಈ ಭಾನುವಾರವೇ ತೀರ್ಮಾನಿಸಿಕೊಳ್ಳಿ.